ಬೋರ್ಡು ಬರೆಯುವವನ ಮಗ ದೃಶ್ಯಕಲೆಯ ಪದವಿಗೆ ಸೇರಬೇಕೇ?

ಪ್ರಶ್ನೆ: ಹಾಸನದ ಪೇಂಟರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಶಾಲೆಯ ಗೋಡೆ ಎಂದು ಅಕ್ಷರ ಬರೆದೇ ಸಂಸಾರ ನಡೆಸಿದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಅರ್ಧಕ್ಕೂ ಕಡಿಮೆಯಾಯಿತು. ಈಗ ಕೈಯಲ್ಲಿ ಉಳಿದಿರುವುದು ಶಾಲೆಗಳ ಗೋಡೆಬರಹ, ಊರ ದೇವಸ್ಥಾನಗಳ ಬಣ್ಣದ ಕೆಲಸ ಮತ್ತು ಹಳೆಯ ವಿಶ್ವಾಸಕ್ಕೆ ಕಟ್ಟುಬಿದ್ದು ನನ್ನನ್ನೇ ಕರೆಯುವ ನಾಲ್ಕಾರು ಅಂಗಡಿಯವರು ಮಾತ್ರ.

ನನ್ನ ಮಗ ಈ ವರ್ಷ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಹೈಸ್ಕೂಲಿನಲ್ಲಿದ್ದಾಗಲೇ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿಕೊಂಡಿದ್ದ. ಮೈಸೂರಿಗೆ ಹೋಗಿ ದೃಶ್ಯಕಲೆಯಲ್ಲಿ ನಾಲ್ಕು ವರ್ಷದ ಪದವಿ ಓದುತ್ತೇನೆಂದು ಹಟ ಹಿಡಿದಿದ್ದಾನೆ. ನನ್ನ ಭಾವನವರು ಬಿ.ಕಾಂ. ಸೇರಿಸಿ ಎನ್ನುತ್ತಾರೆ. ಮನೆಯವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲವಾದರೂ ಹಾಸ್ಟೆಲ್ಲಿಗೆ ಎಷ್ಟಾಗುತ್ತದೆ ಎಂದು ಎರಡು ಸಲ ವಿಚಾರಿಸಿದ್ದಾಳೆ.

ನನ್ನ ಅನುಮಾನ ದುಡ್ಡಿನದಷ್ಟೇ ಅಲ್ಲ. ನಾನು ಈ ಕೆಲಸ ಕಲಿತದ್ದು ಒಬ್ಬ ಹಿರಿಯ ಪೇಂಟರ್ ಬಳಿ. ಮೊದಲ ವರ್ಷವೆಲ್ಲ ಅವರ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ಎರಡನೆಯ ವರ್ಷ ಹಿನ್ನೆಲೆಯ ಬಣ್ಣ ಹೊಡೆದೆ, ಮೂರನೆಯ ವರ್ಷ ಅಕ್ಷರಕ್ಕೆ ಕೈ ಹಾಕಿದೆ. ನನ್ನ ಮಗನಿಗೆ ಅದೆಲ್ಲವೂ ಮನೆಯಲ್ಲೇ ಸಿಕ್ಕಿದೆ. ಹೋದ ತಿಂಗಳು ‘ಶ್ರೀ ಲಕ್ಷ್ಮೀ ಪ್ರಾವಿಜನ್ ಸ್ಟೋರ್’ ಎಂಬ ಬೋರ್ಡಿಗೆ ಸುಣ್ಣದ ದಾರ ಹೊಡೆದು ಸಾಲು ಗುರುತು ಮಾಡಿಕೊಂಡು ನಿಂತಿದ್ದೆ. ಹಿಂದೆ ನಿಂತಿದ್ದ ಅವನು, “ಅಪ್ಪಾ, ಲಕ್ಷ್ಮೀ ಅನ್ನುವಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ, ಕೆಳಗಿನ ಫೋನ್ ನಂಬರಿಗೆ ತಾಗುತ್ತವೆ, ಸಾಲನ್ನೇ ಎರಡು ಬೆರಳು ಮೇಲಕ್ಕೆ ತಗೊ” ಎಂದ. ಅಳೆದು ನೋಡಿದೆ. ಅವನು ಹೇಳಿದ್ದೇ ಸರಿ. ಬ್ರಷ್ ಮುಟ್ಟುವ ಮೊದಲೇ ಅಕ್ಷರದ ಹೊಟ್ಟೆ, ಬಾಲ ಎಲ್ಲಿ ಬರುತ್ತವೆಂದು ಕಾಣುವ ಹುಡುಗನಿಗೆ ವಿಶ್ವವಿದ್ಯಾಲಯ ನಾಲ್ಕು ವರ್ಷ ಏನನ್ನು ಕಲಿಸುತ್ತದೆ? ಕಲಿತು ಬಂದವನು ಅತ್ತ ಬೋರ್ಡನ್ನೂ ಬರೆಯದೆ, ಇತ್ತ ಬೇರೆ ನೌಕರಿಯೂ ಸಿಗದೆ ನಡುವೆ ನಿಂತುಬಿಟ್ಟರೆ ಏನು ಗತಿ? ಓದಿದವರು, ಓದಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಡ್ರಾಯಿಂಗ್ ಟೀಚರ್, ಚಿಕ್ಕಮಗಳೂರು

ಸರ್, ನಾನು ಮೈಸೂರಿನಲ್ಲಿ ಚಿತ್ರಕಲೆಯನ್ನು ಮುಖ್ಯ ವಿಷಯವಾಗಿ ಓದಿ, ಈಗ ಚಿಕ್ಕಮಗಳೂರಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೇನೆ. ನಿಮ್ಮ ಮಗನಿಗೆ ಕಂಡ ಆ ಎರಡು ಬೆರಳಿನ ಅಂತರಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಕಾಮಸೂತ್ರಕ್ಕೆ ಯಶೋಧರನು ಬರೆದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಅವನಿಗೆ ಸಿದ್ಧಿಸಿರುವುದು ಪ್ರಮಾಣ, ಎಂದರೆ ಅಳತೆಯ ಹದ. ನಿಮ್ಮ ಮನೆಯ ಅಂಗಳದಲ್ಲೇ ಸಿದ್ಧಿಸಿದ್ದು. ಅದನ್ನು ಕಾಲೇಜು ಮತ್ತೆ ಕಲಿಸಬೇಕಾಗಿಲ್ಲ. ಅವನಿಗೆ ಇನ್ನೂ ಬಾರದಿರುವುದು ಬೇರೆ ಇದೆ, ಅದು ಏನೆಂದು ನನ್ನ ಅನುಭವದಿಂದಲೇ ಹೇಳುತ್ತೇನೆ.

ಮೊದಲ ವರ್ಷವನ್ನು ಫೌಂಡೇಶನ್ ಎನ್ನುತ್ತಾರೆ. ಎಲ್ಲರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು: ಸ್ಟಿಲ್ ಲೈಫ್ (ಎದುರಿಗಿಟ್ಟ ವಸ್ತುಗಳ ಚಿತ್ರ), ತಲೆಯ ಅಧ್ಯಯನ, ಜೇಡಿಮಣ್ಣಿನ ಕೆಲಸ, ಮುದ್ರಣ, ಪರ್ಸ್ಪೆಕ್ಟಿವ್ (ದೂರ ಹತ್ತಿರಗಳನ್ನು ಹಾಳೆಯಲ್ಲಿ ಕಾಣಿಸುವ ಬಗೆ), ಅಕ್ಷರಬರಹ. ನಮ್ಮನ್ನು ಮೊದಲ ದಿನ ಒಂದು ಮಣ್ಣಿನ ಮಡಕೆ, ಒಂದು ಮಡಿಚಿದ ಬಟ್ಟೆ, ಎರಡು ಈರುಳ್ಳಿಯ ಮುಂದೆ ಕೂರಿಸಿದರು. ನಾನು ಒಂದೂವರೆ ಗಂಟೆಯಲ್ಲಿ ಮುಗಿಸಿ, ಊರಿನಲ್ಲಿ ಬಹುಮಾನ ತಂದ ಹುಡುಗಿಯ ಠೀವಿಯಲ್ಲಿ ಹಾಳೆಯನ್ನು ತೋರಿಸಿದೆ. ಮೇಷ್ಟ್ರು ನೋಡಿ, “ಮಡಕೆ ಚೆನ್ನಾಗಿದೆ, ಆದರೆ ಅದು ಯಾವುದರ ಮೇಲೆ ಕೂತಿದೆ?” ಎಂದು ಕೇಳಿದರು. ನೋಡಿದರೆ ಮಡಕೆ ಗಾಳಿಯಲ್ಲಿತ್ತು. ಬುಡದ ನೆರಳನ್ನು ಹಾಕಿದ್ದೆ, ಆದರೆ ಆ ನೆರಳು ಬಟ್ಟೆಯ ಮಡಿಕೆಯೊಳಗೆ ಇಳಿದು ಬಾಗಬೇಕೆಂಬುದನ್ನು ಕಂಡೇ ಇರಲಿಲ್ಲ. ನೆರಳೆಂದರೆ ಹೀಗಿರುತ್ತದೆ ಎಂದು ನನಗೆ ಮೊದಲೇ ಗೊತ್ತಿದ್ದುದನ್ನು ಬರೆದಿದ್ದೆ. ಅದೇ ಮಡಕೆಯನ್ನು ಇನ್ನೊಂದು ವಾರ ಬರೆಸಿದರು. ಈರುಳ್ಳಿ ಮೊಳಕೆ ಬಂತು. ನಾನು ಹಾಸ್ಟೆಲ್ಲಿಗೆ ಹೋಗಿ ಅತ್ತೆ. ಆದರೆ ಆ ವಾರದ ನಂತರ ಯಾವ ವಸ್ತುವನ್ನೂ ಅದು ಕೂತಿರುವ ಜಾಗದಿಂದ ಬೇರೆ ಮಾಡಿ ನೋಡಲು ನನ್ನಿಂದ ಸಾಧ್ಯವಾಗಿಲ್ಲ.

ಇದು ಮನೆಯಲ್ಲಿ ಏಕೆ ಬರುವುದಿಲ್ಲ ಎಂದರೆ, ಮನೆಯಲ್ಲಿ ಕೆಲಸಕ್ಕೆ ಗಿರಾಕಿ ಇರುತ್ತಾನೆ. ಬೋರ್ಡು ಸಂಜೆಯೊಳಗೆ ಒಣಗಬೇಕು. ಒಂದು ಈರುಳ್ಳಿಯ ಮೇಲೆ ಏಳು ದಿನ ಹಾಕುವುದಕ್ಕೆ ಯಾವ ಗಿರಾಕಿಯೂ ದುಡ್ಡು ಕೊಡುವುದಿಲ್ಲ. ಇನ್ನೊಂದು ಕಾರಣ ಡಿಸ್‌ಪ್ಲೇ. ಸೆಮಿಸ್ಟರಿನ ಕೊನೆಗೆ ಎಲ್ಲರೂ ತಮ್ಮ ಕೆಲಸವನ್ನು ಗೋಡೆಗೆ ಹಾಕಿ ಅದರ ಪಕ್ಕದಲ್ಲಿ ನಿಲ್ಲಬೇಕು. ಮೇಷ್ಟ್ರು, ಹೊರಗಿನಿಂದ ಬಂದ ಪರೀಕ್ಷಕರು, ಸಹಪಾಠಿಗಳು ಎಲ್ಲರೂ ನೋಡಿ ಮಾತನಾಡುತ್ತಾರೆ. ನಮ್ಮ ಹುಡುಗರಿಗೆ ಹೊಗಳಿಕೆ ಗೊತ್ತು, ಬೈಗುಳ ಗೊತ್ತು. ತಮ್ಮ ಕೆಲಸದ ಬಗ್ಗೆ ಇಬ್ಬರು ತಿಳಿದವರು ತಮ್ಮ ಎದುರಿಗೇ ಭಿನ್ನಾಭಿಪ್ರಾಯದಿಂದ ವಾದಿಸುವುದನ್ನು ಕೇಳಿದ ಅನುಭವ ಇರುವುದಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಸರಿಪಡಿಸುತ್ತೇನೆ. ಮುಂದಿನ ವರ್ಷಗಳಲ್ಲಿ ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ (ಜಾಹೀರಾತು, ವಿನ್ಯಾಸದ ಕೆಲಸ) ಎಂದು ವಿಭಾಗ ಆರಿಸಿಕೊಳ್ಳಬೇಕಾಗುತ್ತದೆ. ಮೈಸೂರಿನಲ್ಲಿ ಛಾಯಾಚಿತ್ರಣವೂ ಇದೆ. ಗ್ರಾಫಿಕ್ಸ್ ಎಂದೊಡನೆ ತಂದೆತಾಯಿಗಳು ಕಂಪ್ಯೂಟರ್ ಎಂದುಕೊಳ್ಳುತ್ತಾರೆ. ಕಲಾಶಾಲೆಯಲ್ಲಿ ಗ್ರಾಫಿಕ್ಸ್ ಎಂದರೆ ಮುದ್ರಣಕಲೆ. ಎಚಿಂಗ್‌ನಲ್ಲಿ ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ತಗಡು ತಿನ್ನಲ್ಪಡುತ್ತದೆ. ಆ ಗುಳಿಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ಒದ್ದೆ ಹಾಳೆಯನ್ನಿಟ್ಟು ಪ್ರೆಸ್ಸಿನಲ್ಲಿ ಎಳೆದರೆ ಚಿತ್ರ ಬರುತ್ತದೆ, ಆದರೆ ಎಡಬಲ ತಿರುಗುಮುರುಗಾಗಿ. ನೀವು ಗಾಜಿನ ಹಿಂಬದಿಯಿಂದ ಅಂಗಡಿಯ ಹೆಸರನ್ನು ತಿರುಗಿಸಿ ಬರೆದವರಾದರೆ, ಅಲ್ಲಿ ಹುಡುಗರು ಒಂದು ಸೆಮಿಸ್ಟರ್ ಒದ್ದಾಡುವುದನ್ನು ನಿಮ್ಮ ಮಗ ಒಂದು ಮಧ್ಯಾಹ್ನದಲ್ಲಿ ಹಿಡಿಯುತ್ತಾನೆ.

ಕಸುಬಿನ ಮನೆಯವನು ಕಲಾಶಾಲೆಗೆ ಹೋಗುವುದು ಹೊಸದೇನೂ ಅಲ್ಲ. ಕೆ. ವೆಂಕಟಪ್ಪನವರು (1886–1965) ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದವರು. ಮನೆಯಲ್ಲೇ ವಿದ್ಯೆಯಿದ್ದರೂ ಕಲ್ಕತ್ತೆಗೆ ಹೋಗಿ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮುಂದೆ ಹೆಸರಾಂತ ಚಿತ್ರಕಾರರಾದ ನಂದಲಾಲ ಬೋಸರು ಅವರ ಸಹಪಾಠಿ. ಮನೆಯಲ್ಲಿ ಕಲಿತ ಆ ಸೂಕ್ಷ್ಮ ಕುಸುರಿಯ ಕೈಯನ್ನು ಅವರು ಅಲ್ಲಿ ಬಿಟ್ಟು ಬರಲಿಲ್ಲ, ಊಟಿಯ ಮಂಜಿನ ಜಲವರ್ಣಗಳಲ್ಲಿಯೂ ಅದು ಕಾಣುತ್ತದೆ. ಇನ್ನು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ನಾವೆಲ್ಲ ಕಾವಾ ಎನ್ನುವುದು, ಮೊದಲು ನಡೆಯುತ್ತಿದ್ದ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿದ್ದದ್ದೇ ಕಸುಬು ಕಲಿಸುವ ತಾಂತ್ರಿಕ ಸಂಸ್ಥೆಗಾಗಿ. ನಿಮ್ಮಂಥವರ ಮಕ್ಕಳಿಗೆಂದೇ ಕಟ್ಟಿದ ಮನೆ ಅದು.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುವ ಬೆಳಗಿನ ರೈಲು ಹತ್ತಿ ಅವನೊಂದಿಗೆ ನೀವೂ ಮೈಸೂರಿಗೆ ಹೋಗಿ, ಜಗನ್ಮೋಹನ ಅರಮನೆಯಲ್ಲಿ ದೀಪವನ್ನು ಕೈಯಿಂದ ಮರೆಮಾಡಿ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿ. ಬಹಳ ಜನ ಅದನ್ನು ರವಿವರ್ಮನ ತೈಲಚಿತ್ರವೆಂದು ತಿಳಿಯುತ್ತಾರೆ. ಅದು ಎಸ್.ಎಲ್. ಹಳದಣಕರ್ ಅವರದು, ಅದೂ ಜಲವರ್ಣ. ಎನಾಮೆಲ್ ಕೆಲಸದಲ್ಲಿ ನೀವು ಹೊಳಪನ್ನು ಕೊನೆಗೆ ಬಿಳಿ ಬಣ್ಣದಿಂದ ಇಡುತ್ತೀರಿ, ತಪ್ಪಿದರೆ ಅದರ ಮೇಲೆ ಮತ್ತೆ ಬಳಿಯುತ್ತೀರಿ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಹಾಳೆ. ಎಲ್ಲಿ ಮುಟ್ಟಬಾರದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಆ ಚಿತ್ರದ ಮುಂದೆ ಅವನು ಎಷ್ಟು ಹೊತ್ತು ನಿಲ್ಲುತ್ತಾನೆ, ಏನು ಕೇಳುತ್ತಾನೆ ನೋಡಿ. ನಾಲ್ಕು ವರ್ಷ ಕಳಿಸಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.

ಉತ್ತರ: ಸಕಲೇಶಪುರದವನು, ಸದ್ಯ ಬೆಂಗಳೂರು

ಅಣ್ಣಾ, ಮೇಡಂ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅವರು ಖರ್ಚಿನ ಮಾತನ್ನು ಎತ್ತಲಿಲ್ಲ, ಆದ್ದರಿಂದ ನಾನು ಎತ್ತುತ್ತೇನೆ. ನಾನು ಅನ್ವಯಿಕ ಕಲೆ ಓದಿ ಈಗ ಪೊಟ್ಟಣ, ಡಬ್ಬಿ, ಬಾಟಲಿಗಳ ಮೇಲಿನ ವಿನ್ಯಾಸ ಮಾಡುವ ಕೆಲಸದಲ್ಲಿದ್ದೇನೆ. ಬಿ.ಕಾಂ.ಗೂ ಇದಕ್ಕೂ ಇರುವ ವ್ಯತ್ಯಾಸ ಫೀಸಿನದಲ್ಲ, ಸಾಮಾನಿನದು. ಕಾರ್ಟ್ರಿಡ್ಜ್ ಹಾಳೆ, ಚಾರ್ಕೋಲ್, ಕ್ಯಾನ್ವಾಸ್, ತೈಲವರ್ಣದ ಟ್ಯೂಬು ಇವು ಪ್ರತಿ ತಿಂಗಳೂ ಮುಗಿಯುತ್ತವೆ. ಅನ್ವಯಿಕ ಕಲೆಗೆ ಹೋದರೆ ಮೂರನೆಯ ವರ್ಷದ ಹೊತ್ತಿಗೆ ಒಳ್ಳೆಯ ಲ್ಯಾಪ್‌ಟಾಪ್ ಬೇಕೇ ಬೇಕಾಗುತ್ತದೆ. ನಮ್ಮ ರೂಮಿನಲ್ಲಿ ಮೂವರು ಒಂದೇ ಬಿಳಿ ಟ್ಯೂಬನ್ನು ಹಂಚಿಕೊಂಡು, ಕೊನೆಗೆ ಅದನ್ನು ಬ್ಲೇಡಿನಿಂದ ಸೀಳಿ ಒಳಗಿನದನ್ನು ಕೆರೆದು ಬಳಸಿದ್ದೇವೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಲೆಕ್ಕಕ್ಕೆ ಹಿಡಿಯಿರಿ ಎಂದು ಹೇಳುತ್ತಿದ್ದೇನೆ.

ಎರಡನೆಯದು, ಸೇರುವ ಕಾಲೇಜು ಯಾವ ವಿಶ್ವವಿದ್ಯಾಲಯದ ಪದವಿ ಕೊಡುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ಕಾಗದದಲ್ಲಿ ನೋಡಿ. ಡಿಪ್ಲೊಮಾ ಬೇರೆ, ಬಿವಿಎ ಅಥವಾ ಬಿಎಫ್ಎ ಎಂಬ ಕಲೆಯ ಪದವಿ ಬೇರೆ. ಪದವಿ ಇದ್ದರೆ ಮುಂದೆ ಎಂವಿಎ ಎಂಬ ಸ್ನಾತಕೋತ್ತರ ಪದವಿ ಮಾಡಬಹುದು. ಅದಾದ ಮೇಲೆ ದೃಶ್ಯಕಲೆಯಲ್ಲೇ ನೆಟ್ ಪರೀಕ್ಷೆ ಬರೆದು ಕಾಲೇಜಿನಲ್ಲಿ ಪಾಠ ಹೇಳಬಹುದು. ಮೈಸೂರು ಒಂದೇ ಅಲ್ಲ, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತು ನಡೆಸುವ ಕಾಲೇಜು ಇದೆ. ಮುಂದಿನ ಓದಿಗೆ ಬರೋಡಾ, ಶಾಂತಿನಿಕೇತನಕ್ಕೆ ಹೋದವರೂ ನಮ್ಮ ಬ್ಯಾಚಿನಲ್ಲಿದ್ದಾರೆ. ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಹುದ್ದೆಯೊಂದನ್ನೇ ನಂಬಿಕೊಂಡು ಮಾತ್ರ ಈ ಓದಿಗೆ ಹೋಗಬಾರದು. ಯಾವಾಗ ಅರ್ಜಿ ಕರೆಯುತ್ತಾರೋ ಎಂದು ಕಾಯುತ್ತ ಕೂತವರನ್ನು ಕಂಡಿದ್ದೇನೆ.

ಓದು ಮುಗಿದೊಡನೆ ಒಳ್ಳೆಯ ಕೆಲಸ ಸಿಗುತ್ತದೆಂದೂ ಹೇಳಲಾರೆ. ನಾನು ಮೊದಲು ಸೇರಿದ ಕಡೆ ಎಂಟು ತಿಂಗಳು ಸೀರೆ ಉಟ್ಟ ಮಾಡೆಲ್‌ಗಳ ಫೋಟೊಗಳಿಂದ ಹಿನ್ನೆಲೆ ಕತ್ತರಿಸುವುದನ್ನು ಬಿಟ್ಟು ಬೇರೆ ಏನನ್ನೂ ಕೊಡಲಿಲ್ಲ. ಒಂದೊಂದು ಕೂದಲನ್ನೂ ಮೌಸಿನಿಂದ ಬಿಡಿಸಬೇಕು. ನಾಲ್ಕು ವರ್ಷ ಮನುಷ್ಯರನ್ನು ಎದುರಿಗೆ ಕೂರಿಸಿ ಬರೆಯುವ ಲೈಫ್ ಸ್ಟಡಿ ಮಾಡಿದ್ದು ಇದಕ್ಕೋ ಎಂದು ಅನಿಸುತ್ತಿತ್ತು. ಅಲ್ಲಿಂದ ನನ್ನನ್ನು ಹೊರಗೆ ತಂದದ್ದು ಕನ್ನಡ ಅಕ್ಷರ. ಒಂದು ಉಪ್ಪಿನಕಾಯಿ ಡಬ್ಬಿಯ ಲೇಬಲ್ಲಿನಲ್ಲಿ ಕನ್ನಡ ಓದಲು ಬಾರದ ಯಾರೋ ಅಕ್ಷರಗಳನ್ನು ಇಂಗ್ಲಿಷಿನ ಅಳತೆಗೆ ಕೂರಿಸಿ, ಕೆಳಗಿನ ಒತ್ತುಗಳನ್ನೆಲ್ಲ ಪಟ್ಟಿಯ ಅಂಚಿನಲ್ಲಿ ಕತ್ತರಿಸಿಬಿಟ್ಟಿದ್ದರು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಂದೇ ಎತ್ತರ ಸಾಕು. ನಮ್ಮದಕ್ಕೆ ತಲೆಕಟ್ಟಿನ ಮೇಲೆ ಗುಡಿಸಿಗೆ ಜಾಗ ಬೇಕು, ಪಾದದ ಕೆಳಗೆ ಒತ್ತಿಗೆ ಜಾಗ ಬೇಕು. ನಾನು ಅದನ್ನು ಕೈಯಲ್ಲಿ ಬರೆದು ತೋರಿಸಿದ ದಿನದಿಂದ ಕನ್ನಡದ ಕೆಲಸವೆಲ್ಲ ನನ್ನ ಮೇಜಿಗೆ ಬರತೊಡಗಿತು.

ಆದ್ದರಿಂದ ನಿಮ್ಮ ಹುಡುಗ ಅನ್ವಯಿಕ ಕಲೆಯನ್ನು ಆರಿಸಿಕೊಂಡು ಅಕ್ಷರವಿನ್ಯಾಸದ ಕಡೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್ ಕಂಪ್ಯೂಟರಿನಲ್ಲಿ ಹಿಂದೆಲ್ಲ ತಾನಾಗಿ ಬರುತ್ತಿದ್ದ ತುಂಗಾ ಎಂಬ ಕನ್ನಡ ಫಾಂಟನ್ನು ನೀವು ನೋಡಿರಬಹುದು; ಹೆಸರೇನೋ ನಮ್ಮ ಮಲೆನಾಡಿನ ಹೊಳೆಯದು, ಅದರ ವಿನ್ಯಾಸವನ್ನು ನಿರ್ದೇಶಿಸಿದವರು ಮುಂಬೈಯ ರಘುನಾಥ ಜೋಶಿ. ಅವರು ಐಐಟಿಯಲ್ಲಿ ವಿನ್ಯಾಸದ ಪಾಠ ಹೇಳುತ್ತಿದ್ದವರು. ನಮ್ಮ ಅಕ್ಷರವನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಬರೆದು ಬೆಳೆದ ಹುಡುಗರು ಆ ಕಡೆಗೆ ಹೋದವರು ಬಹಳ ಇಲ್ಲ.

ಪ್ರಶ್ನೆ ಕೇಳಿದವರ ಮಾತು: ಹಾಸನದ ಪೇಂಟರ್

ಮೇಡಂ ಅವರಿಗೂ ಸಕಲೇಶಪುರದ ತಮ್ಮನಿಗೂ ಧನ್ಯವಾದಗಳು. ಗಾಜಿನ ಮೇಲೆ ತಿರುಗಿಸಿ ಬರೆದವನು ನಾನು ಹೌದು. ಕಟಿಂಗ್ ಶಾಪುಗಳ ಕನ್ನಡಿಗಳಿಗೆ ಎಷ್ಟೋ ಬರೆದಿದ್ದೇನೆ. ಅದಕ್ಕೂ ಕಾಲೇಜಿಗೂ ಸಂಬಂಧ ಇರಬಹುದೆಂದು ತಿಳಿದಿರಲಿಲ್ಲ. ಒಂದು ಮಾತು ಮಾತ್ರ ಕೇಳಬೇಕೆನಿಸುತ್ತಿದೆ. ಅಲ್ಲಿ ಓದಿದವರು ನಮ್ಮ ಕೆಲಸವನ್ನು ಕಲೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆಯೇ? ಹಿಂದೊಮ್ಮೆ ಒಂದು ಕಲಾಪ್ರದರ್ಶನದ ಬ್ಯಾನರ್ ಬರೆಯಲು ನನ್ನನ್ನೇ ಕರೆದಿದ್ದರು. ಬರೆದುಕೊಟ್ಟೆ, ಹಣವನ್ನೂ ಕೊಟ್ಟರು. ಉದ್ಘಾಟನೆಯ ದಿನ ಒಳಗೆ ಹೋಗಿ ಚಿತ್ರ ನೋಡಲು ಹೊರಟಾಗ ಬಾಗಿಲಲ್ಲಿದ್ದವರು, ಇನ್ನೇನಾದರೂ ಬಾಕಿ ಇದೆಯೇ ಎಂದು ಕೇಳಿದರು. ನನ್ನ ಮಗನೂ ನಾಳೆ ಆ ಬಾಗಿಲ ಒಳಗೆ ನಿಂತುಕೊಂಡು ಹಾಗೆ ಕೇಳುವವನಾಗುತ್ತಾನೋ ಎಂಬ ಅಳುಕು ಇದೆ.

ಉತ್ತರ: ಹಳೇಬೀಡಿನ ಓದುಗ

ಸ್ವಾಮಿ, ನಾನು ಚಿತ್ರ ಓದಿದವನಲ್ಲ. ದೇವಸ್ಥಾನದ ಹತ್ತಿರವೇ ಅಂಗಡಿ ಇಟ್ಟುಕೊಂಡಿರುವುದರಿಂದ ಕಲಾಶಾಲೆಯ ಹುಡುಗರನ್ನು ವರ್ಷಾವರ್ಷ ನೋಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಬೇಲೂರಿಗೆ ಹೋದರೆ ಕಲ್ಲಿನಲ್ಲೇ ಉತ್ತರವಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಮದನಿಕೆಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಕೆಲಸ ಮಾಡಿ ಇಬ್ಬರೂ ಹೆಸರು ಹಾಕಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಅವರು ತಮ್ಮದು ಕಲೆಯೋ ಕಸುಬೋ ಎಂದು ಯಾರನ್ನೂ ಕೇಳಿದಂತೆ ಕಾಣುವುದಿಲ್ಲ. ಹೆಸರು, ಊರು, ಬಿರುದು ಬರೆದು ಮುಂದಿನ ಕಲ್ಲಿಗೆ ಹೋಗಿದ್ದಾರೆ. ನಿಮ್ಮ ಬೋರ್ಡಿನ ಮೂಲೆಯಲ್ಲೂ ನಿಮ್ಮ ಹೆಸರು ಇರುತ್ತದಲ್ಲವೇ?

ಆದರೆ ಮೇಡಂ ಅವರ ಮಾತಿಗೆ ನನ್ನದೊಂದು ತಕರಾರಿದೆ. ಇಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಲ್ಲರೂ ನೋಡುವುದನ್ನು ಕಲಿತವರಲ್ಲ. ಬಸ್ಸಿನಿಂದ ಇಳಿದು, ಇಡೀ ಗೋಡೆಯ ಫೋಟೊ ಹೊಡೆದು, ನೆರಳಿನಲ್ಲಿ ಕುಳಿತು ಮೊಬೈಲ್ ನೋಡಿಕೊಂಡು ಗೀಚುವವರು ಬೇಕಾದಷ್ಟು ಜನ ಇದ್ದಾರೆ. ಹೋದ ಚಳಿಗಾಲದಲ್ಲಿ ಒಬ್ಬ ಹುಡುಗಿ ಮಾತ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಳಪಟ್ಟಿಯ ಆನೆಗಳ ಮುಂದೆ ನೆಲದ ಮೇಲೆ ಕೂತಿದ್ದಳು. ಬರೆದದ್ದು ಮೂರೇ ಆನೆ. ನೀರು ಕೊಡಲು ಹೋದಾಗ ಹಾಳೆ ತೋರಿಸಿ, “ಈ ಆನೆ ಮುಂದಿನದರ ಬಾಲ ಹಿಡಿಯಲು ಹೋಗುತ್ತಿದೆ, ಆ ಕಡೆಯದಕ್ಕೆ ಮಾವುತನ ಮೇಲೆ ಸಿಟ್ಟು ಬಂದಿದೆ” ಎಂದಳು. ನಾನು ಹುಟ್ಟಿದಾಗಿನಿಂದ ಆ ಸಾಲನ್ನು ನೋಡಿದ್ದೇನೆ, ನನಗೆ ಅದು ಕಂಡಿರಲಿಲ್ಲ. ಅವಳಿಗೆ ಅದನ್ನು ಕಾಲೇಜು ಕಲಿಸಿತೋ, ಅವಳೇ ತಂದುಕೊಂಡಿದ್ದಳೋ ಹೇಳುವುದು ಕಷ್ಟ.

ಇನ್ನೊಂದು ದಾರಿಯೂ ಇದೆ ಎಂಬುದನ್ನು ಯಾರೂ ಹೇಳಲಿಲ್ಲ. ನನ್ನ ತಂಗಿಯ ಮಗ ಪದವಿಯ ಗೊಡವೆಗೆ ಹೋಗದೆ ಕಾರ್ಕಳದ ಹತ್ತಿರ ಮಿಯ್ಯಾರಿನಲ್ಲಿರುವ ಶಿಲ್ಪಕಲೆಯ ತರಬೇತಿ ಸಂಸ್ಥೆಗೆ ಸೇರಿ ಚಾಣ ಹಿಡಿಯುವುದನ್ನು ಕಲಿತು ಬಂದ. ಈಗ ಬಳಪದ ಕಲ್ಲಿನಲ್ಲಿ ವಿಗ್ರಹ ಮಾಡುತ್ತಾನೆ, ಕೆಲಸಕ್ಕೆ ಕೊರತೆಯಿಲ್ಲ. ದುಡಿಮೆಯೊಂದೇ ಮುಖ್ಯವಾದರೆ ಅಂಥ ದಾರಿ ಹತ್ತಿರದ್ದು.

ಉತ್ತರ: ಡ್ರಾಯಿಂಗ್ ಟೀಚರ್, ಚಿಕ್ಕಮಗಳೂರು

ಹಳೇಬೀಡಿನವರ ತಕರಾರು ನ್ಯಾಯವಾದದ್ದೇ. ನಾಲ್ಕು ವರ್ಷ ಕೂತೆದ್ದು ಏನನ್ನೂ ನೋಡದೆ ಹೊರಗೆ ಬಂದವರು ನನ್ನ ತರಗತಿಯಲ್ಲೂ ಇದ್ದರು. ಕಾಲೇಜು ಆ ಹುಡುಗಿಗೆ ಮೂರು ಆನೆಗಳಿಗೆಂದು ಒಂದು ಇಡೀ ದಿನ ಕೊಟ್ಟಿತು, ಮರುದಿನ ಅದರ ಬಗ್ಗೆ ಮಾತನಾಡಲು ಜನರನ್ನು ಕೊಟ್ಟಿತು. ಅದಕ್ಕಿಂತ ಹೆಚ್ಚಿನದನ್ನು ನಾನು ಕಾಲೇಜಿನ ಪರವಾಗಿ ಹೇಳಲಾರೆ.

ಪೇಂಟರ್ ಸರ್, ನಿಮ್ಮನ್ನು ಬಾಗಿಲಲ್ಲಿ ಹಾಗೆ ಕೇಳಿದವರ ಬಗ್ಗೆ ಓದಿ ನನಗೆ ನಾಚಿಕೆಯಾಯಿತು. ಅಂಥವರು ನಮ್ಮಲ್ಲಿದ್ದಾರೆ. ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಪ್ರಶ್ನೆ ಕೇಳಿದವರ ಮಾತು: ಹಾಸನದ ಪೇಂಟರ್

ಭಾನುವಾರ ಮೈಸೂರಿಗೆ ಹೋಗಿ ಬಂದೆವು. ಆ ದೀಪದ ಚಿತ್ರದ ಮುಂದೆ ಮಗನಿಗಿಂತ ಹೆಚ್ಚು ಹೊತ್ತು ನಿಂತವನು ನಾನೇ. ಬೆರಳ ಸಂದಿಯಿಂದ ಬರುವ ಕೆಂಪನ್ನು ಯಾವ ಬಣ್ಣದ ಮೇಲೆ ಯಾವ ಬಣ್ಣ ಹಾಕಿ ತಂದಿರಬಹುದೆಂದು ಲೆಕ್ಕ ಹಾಕುತ್ತಿದ್ದೆ, ಹತ್ತಲಿಲ್ಲ. ಮಗ ಹಿಂದಕ್ಕೆ ಸರಿದು, “ಅಪ್ಪಾ, ಮುಖದ ಒಂದು ಪಕ್ಕವನ್ನು ಕತ್ತಲೆಗೇ ಬಿಟ್ಟಿದ್ದಾರೆ, ಅದಕ್ಕೇ ಈ ಪಕ್ಕ ಉರಿಯುತ್ತಿದೆ” ಎಂದ. ಬರುವಾಗ ರೈಲಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಭಾವನವರಿಗೆ ಫೋನ್ ಮಾಡಿ, ಬಿ.ಕಾಂ. ಬೇಡವೆಂದು ತಿಳಿಸಿದೆ. ಪ್ರವೇಶಕ್ಕೆ ಚಿತ್ರಗಳ ಕಟ್ಟು ತೆಗೆದುಕೊಂಡು ಹೋಗಬೇಕಂತೆ. ಅವನು ಎಲ್ಲ ಬಿಟ್ಟು ದೇವರ ಚಿತ್ರ, ಸಿನಿಮಾ ನಟರ ಮುಖ ಇವುಗಳನ್ನು ಜೋಡಿಸುತ್ತಿದ್ದಾನೆ. ಅದು ಸರಿಯೇ, ಮೇಡಂ?

ಉತ್ತರ: ಡ್ರಾಯಿಂಗ್ ಟೀಚರ್, ಚಿಕ್ಕಮಗಳೂರು

ಫೋಟೊ ನೋಡಿ ಬರೆದ ನಟರ ಮುಖಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಲಿ ಸರ್. ಎದುರಿಗೆ ಕೂರಿಸಿಕೊಂಡು ಬರೆದದ್ದು ಬೇಕು: ಅಡುಗೆಮನೆಯ ಪಾತ್ರೆ, ಬಸ್ ನಿಲ್ದಾಣದಲ್ಲಿ ಕೂತವರು, ಅವನದೇ ಎಡಗೈ. ತಪ್ಪಾಗಿ ಅಳಿಸಿ ಮತ್ತೆ ಬರೆದ ಹಾಳೆಗಳನ್ನು ಎಸೆಯದೆ ಸೇರಿಸಲಿ. ಗೋಡೆಯ ಮೇಲೆ ಬರೆದ ಅಕ್ಷರಗಳ ಫೋಟೊಗಳೂ ಇರಲಿ. ಆ ಲಕ್ಷ್ಮೀ ಬೋರ್ಡಿನ ಸಾಲನ್ನು ಎರಡು ಬೆರಳು ಮೇಲೆತ್ತಿದ ಸುಣ್ಣದ ಗುರುತು ಇನ್ನೂ ಉಳಿದಿದ್ದರೆ ಅದರದ್ದೂ ಒಂದು ಫೋಟೊ ತೆಗೆದಿಡಿ.

ಪ್ರಶ್ನೆ ಕೇಳಿದವರ ಮಾತು: ಹಾಸನದ ಪೇಂಟರ್

ಸುಣ್ಣದ ಗೆರೆಯನ್ನು ಬಣ್ಣ ಒಣಗಿದ ದಿನವೇ ಒರೆಸಿಬಿಟ್ಟೆ, ಮೇಡಂ. ಬರುವ ಸೋಮವಾರ ಅರಸೀಕೆರೆ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಬೋರ್ಡು ಇದೆ. ಸಾಲು ಹಾಕುವುದನ್ನು ಅವನಿಗೇ ಬಿಡುತ್ತೇನೆ, ಒರೆಸುವ ಮೊದಲು ಫೋಟೊ ತೆಗೆಯುತ್ತೇನೆ.